ಗೆರೆಯೊಳಗಿನ ಹೆಬ್ಬೆರಳು

ಇಷ್ಟಕ್ಕೆಲ್ಲ ಕಾರಣ ಒಂದು ಹೆಬ್ಬೆರಳು. ಅದೂ ಕಾಲಿನದು.

ಶನಿವಾರ ಸಂಜೆ ಕಾಲೇಜು ಕುಸ್ತಿಯ ಫೈನಲ್ ಮುಗಿಯಲು ಎರಡೇ ಸೆಕೆಂಡು ಬಾಕಿ. ಊರಿನ ಹುಡುಗ ಟ್ರೆಂಟ್ ಎರಡು ಅಂಕ ಮುಂದಿದ್ದ. ಅಷ್ಟರಲ್ಲಿ ಎದುರಾಳಿ ಹಿಂದಿನಿಂದ ಅವನ ಕಾಲು ಹಿಡಿದೆಳೆದು ಅಖಾಡದ ಅಂಚಿನಲ್ಲಿ ಕೆಡವಿದ. ಇಬ್ಬರ ಮೈಯೂ ಗೆರೆಯ ಆಚೆಗಿತ್ತು, ಎದುರಾಳಿಯ ಹೆಬ್ಬೆರಳೊಂದನ್ನು ಬಿಟ್ಟು. ಆ ಬೆರಳು ಗೆರೆಯ ಒಳಗಿದ್ದರೆ ಪಟ್ಟು ಲೆಕ್ಕಕ್ಕೆ ಬಂತು, ಹೊರಗಿದ್ದರೆ ಇಲ್ಲ. ತೀರ್ಪುಗಾರ ವರ್ಲಿನ್ ಹ್ರೂಸ್ಕಾ ನೆಲಕ್ಕೆ ಕೆನ್ನೆ ಹಚ್ಚಿ ಬಗ್ಗಿ ನೋಡಿದ, ಎದ್ದು ಎದುರಾಳಿಗೆ ಮೂರು ಅಂಕ ಎಂದು ಮೂರು ಬೆರಳೆತ್ತಿದ. ಟ್ರೆಂಟ್ ಒಂದು ಅಂಕದಿಂದ ಸೋತ.

ತೀರ್ಪುಗಾರನೂ ಅದೇ ಊರಿನವನು. ವಾರವೆಲ್ಲ ಗೋದಾಮಿನಲ್ಲಿ ಮೆಕ್ಕೆಜೋಳದ ಲಾರಿ ತೂಗುತ್ತಿದ್ದ, ಚಳಿಗಾಲದ ಶನಿವಾರಗಳಂದು ತೀರ್ಪುಗಾರರ ಪಟ್ಟೆ ಅಂಗಿ ತೊಟ್ಟು ಅಖಾಡಕ್ಕೆ ಇಳಿಯುತ್ತಿದ್ದ. ಅಮೆರಿಕದ ಅಯೋವಾ ರಾಜ್ಯದ ಆ ಮೂಲೆಯಲ್ಲಿ ಯಾರಿಗೂ ನೆಂಟನಲ್ಲದ ತೀರ್ಪುಗಾರ ಬೇಕೆಂದರೆ ಸಮುದ್ರ ದಾಟಿ ಹುಡುಕಬೇಕು. ಮಧ್ಯಾಹ್ನದ ಸೆಮಿಫೈನಲ್‌ನಲ್ಲಿ ಟ್ರೆಂಟ್ ಯಾರನ್ನು ಚಿತ್ ಮಾಡಿದ್ದ ಅಂತೀರಿ? ವರ್ಲಿನ್‌ನ ಹೆಂಡತಿ ಲವೋನ್‌ಳ ತಂಗಿಯ ಮಗನನ್ನೇ. ಆಗ ನೆಲ ಬಡಿದು ಚಿತ್ ಎಂದು ಸಾರಿದವನೂ ಈ ವರ್ಲಿನ್ನೇ. ನೆಂಟರ ಹುಡುಗನಿಗೂ ಬಿಟ್ಟುಕೊಡಲಿಲ್ಲ, ಊರಿನ ಹುಡುಗನಿಗೂ ಬಿಟ್ಟುಕೊಡಲಿಲ್ಲ ಎಂದು ಅವನ ಎದೆ ಒಳಗೊಳಗೇ ಉಬ್ಬಿತ್ತು.

ಭಾನುವಾರ ಬೆಳಿಗ್ಗೆ ಲವೋನ್‌ಳ ತಂಗಿ ಮಾರ್ಲಿಸ್ ಫೋನ್ ಮಾಡಿ, ನಿನ್ನ ಗಂಡ ನನ್ನ ಮಗನ ಬಾಳು ಹಾಳು ಮಾಡಿದ ಎಂದು ಅರ್ಧ ಗಂಟೆ ಅತ್ತಳು. ಲವೋನ್ ಕರಗಲಿಲ್ಲ.

"ನನ್ನ ಗಂಡ ಚಿತ್ ಅಂದ ಮೇಲೆ ಅದು ಚಿತ್ತೇ ಕಣೆ. ಅವನ ಕಣ್ಣು ಇವತ್ತಿನವರೆಗೂ ತಪ್ಪಿಲ್ಲ," ಎಂದು ಫೋನ್ ಇಟ್ಟಳು.

ಇಂಥ ಹೆಂಡತಿ ಜೊತೆಗಿದ್ದರೆ ಊರೆಲ್ಲ ಎದುರು ನಿಂತರೂ ಏನಂತೆ ಎಂದುಕೊಂಡ ವರ್ಲಿನ್. ಊರು ಹಾಗೆಯೇ ನಿಂತಿತು.

ಚರ್ಚಿನಲ್ಲಿ ಪಾದ್ರಿಗಳು ಕುರುಡನಿಗೆ ದೃಷ್ಟಿ ಬಂದ ಪ್ರಸಂಗವನ್ನು ಎತ್ತಿಕೊಂಡು, ಉದ್ದಕ್ಕೂ ಮೂರನೇ ಸಾಲಿನಲ್ಲಿದ್ದ ವರ್ಲಿನ್‌ನನ್ನೇ ನೋಡುತ್ತ ಪ್ರವಚನ ಮಾಡಿದರು. ಹೊರಗೆ ಬಂದರೆ ಅವನ ಗಾಡಿಯ ಗಾಜಿನ ಮೇಲೆ ಯಾರೋ ನಾಲ್ಕು ಹಳೆಯ ಕನ್ನಡಕ ಸಿಕ್ಕಿಸಿದ್ದರು. ಅದರಲ್ಲೊಂದು ಪಾದ್ರಿಗಳದೇ ಎಂದು ಲವೋನ್ ಗುರುತು ಹಿಡಿದಳು. ವರ್ಲಿನ್ ನಾಲ್ಕನ್ನೂ ಒರೆಸಿ ಜೇಬಿಗಿಟ್ಟುಕೊಂಡು, ತಲೆ ಎತ್ತಿಕೊಂಡೇ ಹೆಂಡತಿಯ ಜೊತೆ ಜೊಲೀನಳ ಹೋಟೆಲಿಗೆ ನಡೆದ.

ಅಲ್ಲಿ ಜೊಲೀನ್ ಅವನ ಮುಂದೆ ಖಾರದ ರಾಜ್ಮಾ ಸಾರಿನ ಬಟ್ಟಲು ಕುಕ್ಕಿ ಹೋದಳು. ಜೊತೆಗೆ ಎಂದಿನ ದಾಲ್ಚಿನ್ನಿಯ ಸಿಹಿ ರೋಲ್ ಇರಲಿಲ್ಲ. ರೋಲ್ ಇಲ್ಲದೆ ಸಾರು ಕೊಡುವುದೆಂದರೆ ಆ ಊರಿನಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಪಕ್ಕದ ಮೇಜಿನಿಂದ ಗೇಲೆನ್ ಎದ್ದ. ಅರವತ್ತೆಂಟು ವರ್ಷದ ಹಳೆಯ ಪೈಲ್ವಾನ. ಕುಸ್ತಿಯಲ್ಲಿ ಜಜ್ಜಿಸಿಕೊಂಡ ಅವನ ಕಿವಿಗಳು ಹೂಕೋಸಿನಂತೆ ಮುದುಡಿದ್ದವು. ಅಂಥ ಕಿವಿ ಇದ್ದವರ ಮಾತಿಗೆ ಊರಿನಲ್ಲಿ ತೂಕ ಹೆಚ್ಚು. ವಿಡಿಯೋ ಹಾಕಿ, ಊರೇ ನೋಡಿ ತೀರ್ಮಾನ ಮಾಡಲಿ ಎಂದು ಅವನು ಅಪ್ಪಣೆ ಕೊಟ್ಟ.

ವಿಡಿಯೋದ ಹಣೆಬರಹ ವರ್ಲಿನ್‌ಗೆ ಮೊದಲೇ ಗೊತ್ತಿತ್ತು. ನಿನ್ನೆಯೇ ಟ್ರೆಂಟ್‌ನ ಕೋಚ್, ತೀರ್ಪನ್ನು ಮತ್ತೆ ನೋಡಿ ಎನ್ನುವುದಕ್ಕೆ ಪದ್ಧತಿಯಂತೆ ಸ್ಪಂಜಿನ ಇಟ್ಟಿಗೆಯನ್ನು ಅಖಾಡಕ್ಕೆ ಎಸೆದಿದ್ದ. ಇದ್ದದ್ದು ಒಂದೇ ಕ್ಯಾಮೆರಾ. ಬೆರಳು ನೋಡುವ ಹೊತ್ತಿಗೆ ಸರಿಯಾಗಿ ಅದರ ಮುಂದೆ ವರ್ಲಿನ್ ಬಗ್ಗಿದ್ದ. ತನ್ನ ಹಿಂಭಾಗವನ್ನು ತಾನೇ ಹನ್ನೊಂದು ಸಲ ನೋಡಿ, ತೀರ್ಪು ಬದಲಾಗುವುದಿಲ್ಲ ಎಂದು ಸಾರಿದ್ದ. ಈಗ ಅದೇ ದೃಶ್ಯವನ್ನು ಹೋಟೆಲಿನ ದೊಡ್ಡ ಟೀವಿಯಲ್ಲಿ ಪಾದ್ರಿಗಳ ಸಮೇತ ಊರೆಲ್ಲ ನೋಡಿತು.

"ಇದರಲ್ಲಿ ಬೆರಳೆಲ್ಲಿದೆ ಮಾರಾಯ, ಬರೀ ಪ್ಯಾಂಟೇ ಕಾಣ್ತಿದೆ," ಎಂದ ಗೇಲೆನ್.

ಹಾಗಾದರೆ ಮಾಡಿಯೇ ನೋಡೋಣ ಎಂದಾಯಿತು. ಮೇಜುಗಳನ್ನು ಸರಿಸಿದರು, ನೆಲಕ್ಕೆ ಟೇಪು ಅಂಟಿಸಿ ಗೆರೆ ಮಾಡಿದರು. ವರ್ಲಿನ್ ಟ್ರೆಂಟ್ ಆದ, ಗೇಲೆನ್ ಎದುರಾಳಿಯಾದ. ಮೆಲ್ಲಗೆ ಮಾಡಿ ತೋರಿಸುತ್ತೇನೆ ಎಂದಿದ್ದ ಮುದುಕನಿಗೆ ಕಾಲು ಕೈಗೆ ಸಿಕ್ಕಿದ್ದೇ ತಡ, ಹಳೆಯ ಆವೇಶ ಬಂತು. ವರ್ಲಿನ್ ದೊಪ್ಪೆಂದು ಬಿದ್ದ, ಜೇಬಿನಲ್ಲಿದ್ದ ನಾಲ್ಕು ಕನ್ನಡಕ ಪುಡಿಯಾದವು. ಅವನ ಮೇಲೆ ಬಿದ್ದ ಗೇಲೆನ್‌ನ ಸೊಂಟ ಹಿಡಿದುಕೊಂಡಿತು. ಏಳಲು ಇಬ್ಬರಿಗೂ ಆಗಲಿಲ್ಲ. ಬೆರಳು ಒಳಗೋ ಹೊರಗೋ ಎಂದು ಸುತ್ತ ನಿಂತವರಲ್ಲೇ ಎರಡು ಪಕ್ಷವಾಯಿತು.

ಆ ಹೊತ್ತಿಗೆ ಅಮ್ಮನಿಗೆ ಊಟ ಕಟ್ಟಿಸಿಕೊಳ್ಳಲು ಟ್ರೆಂಟ್ ಬಂದ. ಒಂದು ಕಣ್ಣು ಊದಿತ್ತು. ನೀನೇ ಹೇಳಿಬಿಡು ಎಂದ ಗೇಲೆನ್, ಬಿದ್ದಲ್ಲಿಂದಲೇ.

"ಬೆರಳು ಒಳಗಿತ್ತು," ಎಂದ ಟ್ರೆಂಟ್. "ನನ್ನ ಮೂಗಿನ ಮುಂದೇನೇ ಇತ್ತು. ಸರ್ ಕೊಟ್ಟಿದ್ದೇ ಸರಿ."

ಗೆದ್ದ ಕಪ್ ಎಲ್ಲ ಊರಲ್ಲೂ ಇರುತ್ತದೆ, ಇಂಥ ಹುಡುಗ ಎಲ್ಲಿರುತ್ತಾನೆ ಎಂದು ಊರಿಗೇ ಅನ್ನಿಸಿತು. ಗೇಲೆನ್ ಕಣ್ಣೊರೆಸಿಕೊಂಡ. ನಾಲ್ಕು ಜನ ವರ್ಲಿನ್‌ನನ್ನು ಎತ್ತಿ ನಿಲ್ಲಿಸಿ, ಗೆದ್ದವನಿಗೆ ಮಾಡುವಂತೆ ಅವನ ಕೈ ಮೇಲೆತ್ತಿದರು. ಜೊಲೀನ್ ಒಂದಲ್ಲ, ಎರಡು ರೋಲ್ ತಂದಿಟ್ಟಳು. ನಾನು ಹೇಳಲಿಲ್ಲವೇ ಎಂಬಂತೆ ಲವೋನ್ ಸುತ್ತಲೂ ನೋಡಿದಳು.

ಟ್ರೆಂಟ್ ಮಾತ್ರ ಇನ್ನೂ ನಿಂತೇ ಇದ್ದ.

"ಇನ್ನೊಂದು ವಿಷಯ ಇದೆ ಸರ್, ಹೇಳದೆ ಹೋದ್ರೆ ಮನಸ್ಸು ತಡೆಯಲ್ಲ. ಸೆಮಿಫೈನಲ್‌ನಲ್ಲಿ ಅವನು ಚಿತ್ ಆಗಿರ್ಲಿಲ್ಲ. ನನ್ನ ಅಂಗೈ ಅವನ ಭುಜದ ಕೆಳಗೆ ಸಿಕ್ಕಾಕೊಂಡಿತ್ತು. ಭುಜ ನೆಲ ಮುಟ್ಟಲೇ ಇಲ್ಲ. ನೀವಿದ್ದ ಕಡೆಯಿಂದ ಅದು ಕಾಣ್ತಿರ್ಲಿಲ್ಲ."

ಹೋಟೆಲಿಗೆ ಹೋಟೆಲೇ ಜೋರಾಗಿ ಚಪ್ಪಾಳೆ ತಟ್ಟಿತು. ತಪ್ಪು ನಡೆದದ್ದು ತಮ್ಮ ಹುಡುಗನ ಪರವಾಗಿ ತಾನೇ. ತೀರ್ಪುಗಾರನೂ ಮನುಷ್ಯನೇ, ಎಲ್ಲವೂ ಕಾಣಬೇಕು ಅಂದರೆ ಹೇಗೆ ಎಂದು ಗೇಲೆನ್ ಎಲ್ಲರಿಗೂ ಬುದ್ಧಿ ಹೇಳಿದ. ಪಾದ್ರಿಗಳು ಹೌದೆಂದು ತಲೆಯಾಡಿಸಿದರು. ಊರಿಗೆ ಊರೇ ವರ್ಲಿನ್‌ನ ಬೆನ್ನು ತಟ್ಟಿತು.

ವರ್ಲಿನ್ ಹೆಂಡತಿಯ ಕಡೆ ತಿರುಗಿದ. ಇಡೀ ಹೋಟೆಲಿನಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವಳು ಅವಳೊಬ್ಬಳೇ. ಅವಳು ರೋಲ್ ಇದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು, ಫೋನ್ ತೆಗೆದು ಒಂದು ನಂಬರು ಒತ್ತಿ ಅವನ ಕೈಗಿಟ್ಟಳು.

"ಮಾರ್ಲಿಸ್ ಜೊತೆ ನೀನೇ ಮಾತಾಡು."

ಆ ಕಡೆಯಿಂದ ದನಿ ಆಗಲೇ ಏರುತ್ತಿತ್ತು. ವರ್ಲಿನ್ ಅಖಾಡಕ್ಕೆ ಇಳಿದ ಪೈಲ್ವಾನನಂತೆ ಕಾಲು ಅಗಲಿಸಿ, ಮಂಡಿ ಚೂರು ಬಗ್ಗಿಸಿ ನಿಂತು, ಫೋನನ್ನು ಕಿವಿಗಿಟ್ಟ.