ಬೋರಲು ಲೋಟಗಳೂ ಅಪ್ಪನ ಇಂಜಿನ್ನೂ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆ ಅರ್ಧಕ್ಕೇ ಬಿಟ್ಟದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಮುಂದೆ ಎಲ್ಲಾದರೂ ದೊಡ್ಡ ಮಾತು ಕಂಡರೆ ಅದು ಅಪ್ಪನದು ಎಂದು ತಿಳಿಯಿರಿ. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದವಳು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ.

ಅಪ್ಪ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆ ತುಂಬ ಗಡಿಯಾರಗಳು. ಹಗಲೂ ಇರುಳೂ ಟಿಕ್ ಟಿಕ್. ಹೊಸಬರು ಬಂದರೆ ಸ್ವಲ್ಪ ಹೊತ್ತಿಗೇ ತಲೆ ಹಿಡಿದುಕೊಳ್ಳುತ್ತಾರೆ. ಮನೆಯವರಿಗೆ ಅದು ಕೇಳಿಸುವುದೇ ಇಲ್ಲ. ಅಲ್ಲಿ ಟಿಕ್ ಟಿಕ್ ಎಂದರೆ ನಿಶ್ಶಬ್ದ ಎಂದೇ ಅರ್ಥ.

ಅಪ್ಪನ ಪ್ರಾಣ ಮಾತ್ರ ಗಡಿಯಾರಗಳಲ್ಲಿರಲಿಲ್ಲ, ಕಾರಿನಲ್ಲಿತ್ತು. ಹಳೆಯ ಕಾರು. ಅದನ್ನು ಕೈಗಡಿಯಾರ ಒರೆಸಿದ ಹಾಗೆ ಒರೆಸುತ್ತಿದ್ದರು. (ಅಮ್ಮ ಕೊಟ್ಟ ಬಟ್ಟೆಯಿಂದಲ್ಲ, ಅಮ್ಮನ ಬಟ್ಟೆಯಿಂದ.) ಇಂಥ ಕಾರಿನಲ್ಲಿ ಒಂದು ದಿನ ಟಕ್, ಟಕ್, ಟಕ್ ಎಂದು ಶಬ್ದ ಶುರುವಾಯಿತು.

"ನನ್ನ ಸೀಟಿನ ಕೆಳಗಿಂದ ಬರ್ತಿದೆ ರೀ," ಎಂದಳು ಅಮ್ಮ.

"ಶಬ್ದ ಹುಟ್ಟೋದು ಒಂದು ಕಡೆ, ಕೇಳಿಸೋದು ಇನ್ನೊಂದು ಕಡೆ. ಇದು ಇಂಜಿನ್ನಿನ ಗರ್ಭದಿಂದ ಬರ್ತಿರೋ ಆರ್ತನಾದ."

"ಗರ್ಭ ಇರೋದು ಮುಂದೆ. ನಾನು ಕೂತಿರೋದು ಇಲ್ಲಿ."

"ಮೂವತ್ತು ವರ್ಷ ಚಕ್ರದ ಜೊತೆ ಬಾಳಿರೋನು ನಾನು. ನನ್ನ ಕಿವಿಗೆ ಪಾಠ ಹೇಳಬೇಡ."

ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು.

ಅಮ್ಮನ ತಮ್ಮ, ಅಂದರೆ ಮಾಮ, ಗುಜರಿ ವ್ಯಾಪಾರಿ. ಅವನ ಲೆಕ್ಕದಲ್ಲಿ ಪ್ರಪಂಚದಲ್ಲಿ ಎರಡೇ ಬಗೆಯ ವಸ್ತುಗಳು: ಗುಜರಿಗೆ ಬಂದವು, ಇನ್ನೂ ಬರಬೇಕಾದವು. ಭಾವನ ಕಾರಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ವಯಸ್ಸಾದ ಮೇಲೆ ಕೆಮ್ಮು ಸಹಜ, ಭಾವ. ನನಗೆ ಕೊಟ್ಟುಬಿಡಿ, ತೂಕಕ್ಕೆ ತಗೋತೀನಿ," ಎಂದ. "ಅದಿರಲಿ, ನನ್ನ ಅಂಗಡಿ ಗಡಿಯಾರ ಏನಾಯ್ತು? ಕೊಟ್ಟು ಎಷ್ಟು ಕಾಲ ಆಯ್ತು."

"ಅದಕ್ಕೊಂದು ಚಕ್ರ ಬರಬೇಕು," ಎಂದರು ಅಪ್ಪ, ಬೇರೆ ಕಡೆ ನೋಡುತ್ತ.

(ಚಕ್ರ ಬರಬೇಕಾಗಿರಲಿಲ್ಲ. ಗಡಿಯಾರ ರಿಪೇರಿಯಾಗಿತ್ತು. ಆದರೆ ಎಲ್ಲಿಟ್ಟರೆಂದು ಅಪ್ಪನಿಗೆ ಮರೆತುಹೋಗಿತ್ತು. ಅಂಗಡಿಯನ್ನು ಮೂರು ಸಲ ಜಾಲಾಡಿಯಾಗಿತ್ತು.)

ಮಾತು ತಪ್ಪಿಸುವ ಆತುರದಲ್ಲಿ ಅಪ್ಪ ಪ್ರತಿಜ್ಞೆಯನ್ನೇ ಮಾಡಿಬಿಟ್ಟರು. "ಬರೋ ಭಾನುವಾರ ಬಾ. ಇಂಜಿನ್ ಇಳಿಸಿ, ಸರಿಮಾಡಿ, ಮತ್ತೆ ಕೂರಿಸಿರ್ತೀನಿ. ಆಮೇಲೂ ಅದು ಟಕ್ ಅಂದರೆ ಕಾರು ನಿನ್ನದು. ತೂಕಾನೂ ಹಾಕಬೇಡ, ಹಾಗೇ ತಗೊಂಡು ಹೋಗು."

"ಅಕ್ಕ, ಕೇಳಿಸಿಕೊಂಡೆ ತಾನೆ?" ಎಂದ ಮಾಮ.

"ನನಗೆಲ್ಲಾ ಕೇಳಿಸುತ್ತೆ. ನಿಮ್ಮ ಭಾವನಿಗೆ ಕೇಳಿಸಬೇಕಷ್ಟೆ," ಎಂದಳು ಅಮ್ಮ.

ಮೂಲೆ ಗ್ಯಾರೇಜಿನ ಮೇಸ್ತ್ರಿ ಭಾರ ಎತ್ತುವ ಸರಪಳಿ ರಾಟೆಯನ್ನು ಎರವಲು ಕೊಟ್ಟು ಒಂದು ಮಾತು ಹೇಳಿದ್ದ: ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬಿಡಿಸಬೇಡಿ, ಜೋಡಿಯಾಗೇ ಎತ್ತಿ, ಬಿಡಿಸೋದು ಸುಲಭ, ಮತ್ತೆ ಹೊಂದಿಸೋದು ಕಷ್ಟ. ಅಪ್ಪ ಊಟಕ್ಕೆ ಕೂತಾಗ ಇದನ್ನು ತಮ್ಮದೇ ವೇದಾಂತ ಎಂಬಂತೆ ಹೇಳಿದರು.

"ಗಂಡ ಹೆಂಡತಿ ಇದ್ದ ಹಾಗೆ ಕಣೇ."

"ಅದರಲ್ಲಿ ಇಂಜಿನ್ ಯಾರು?"

"ನಾನೇ, ಇನ್ಯಾರು?"

"ಹಾಗಾದರೆ ಶಬ್ದ ನಿಮ್ಮದೇ. ನಾನು ಬರೀ ತಿರುಗೋಳು."

ಕಾರಿನ ಶೆಡ್ಡಿನಲ್ಲಿ ಮಹಾ ಶಸ್ತ್ರಚಿಕಿತ್ಸೆ ಶುರುವಾಯಿತು. ಅಪ್ಪನಿಗೆ ಗೊತ್ತಿದ್ದದ್ದು ಗಡಿಯಾರದ ಪದ್ಧತಿ ಒಂದೇ. ಬಿಚ್ಚಿದ್ದನ್ನು ಬಿಳಿ ಬಟ್ಟೆಯ ಮೇಲೆ ಇಡಬೇಕು, ಧೂಳು ಕೂರದಂತೆ ಗಾಜಿನ ಬಟ್ಟಲು ಮುಚ್ಚಬೇಕು. ಅಮ್ಮನ ಹೊಸ ಬಿಳಿ ಹೊದಿಕೆ ನೆಲಕ್ಕೆ ಬಂತು. ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದರು. ಬ್ಯಾಟರಿ ಇಳಿಯಿತು, ನೀರು ಹರಿಯಿತು, ರೇಡಿಯೇಟರ್ ಹೊರಬಂತು. ಪ್ರತಿ ತಂತಿಗೂ ಬಣ್ಣದ ದಾರ ಕಟ್ಟಿ ಗುರುತು ಮಾಡಿದರು. ಕಾರಿನೊಳಗೆ ಕೂತು ಗೇರಿನ ಕೋಲು ತೆಗೆದರು. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ದಂಡವನ್ನು ಕೆಳಗೆ ಮಲಗಿ ಬಿಚ್ಚಿದರು. ಬಿಚ್ಚಿದ ಪ್ರತಿ ಬೋಲ್ಟನ್ನೂ ಒರೆಸಿ, ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿ, ಹೊದಿಕೆಯ ಮೇಲಿಟ್ಟು ಒಂದು ಗಾಜಿನ ಲೋಟ ಬೋರಲು ಹಾಕಿದರು.

ಸಂಜೆಯ ಹೊತ್ತಿಗೆ ಮನೆಯಲ್ಲಿ ನೀರು ಕುಡಿಯಲು ಒಂದು ಲೋಟವೂ ಉಳಿದಿರಲಿಲ್ಲ.

"ನಿಮ್ಮ ಬೋಲ್ಟುಗಳಿಗೆ ಬಾಯಾರಿಕೆ ಆದರೆ ಹೇಳಿ," ಎಂದು ಅಮ್ಮ ಸೌಟಿನಲ್ಲೇ ನೀರು ಕುಡಿದಳು.

ಎತ್ತುವ ದಿನ ಅಮ್ಮನಿಗೂ ಬುಲಾವ್ ಬಂತು. ಗೇರ್‌ಬಾಕ್ಸ್ ಅಂಟಿಕೊಂಡಿರುವ ಇಂಜಿನ್ ನೆಟ್ಟಗೆ ಮೇಲೆ ಬರುವುದಿಲ್ಲ. ಮೂಗು ಆಕಾಶಕ್ಕೆ, ಬಾಲ ಪಾತಾಳಕ್ಕೆ ಓರೆಯಾಗಿ ಬರಬೇಕು. ಅಪ್ಪ ಸರಪಳಿ ಎಳೆದರು.

"ಬಾಲ ಒತ್ತು, ಬಾಲ ಒತ್ತು."

"ಒತ್ತುತಾ ಇದೀನಿ. ಇದೇನು ಎಮ್ಮೆನಾ?"

"ಇನ್ನೂ ಸ್ವಲ್ಪ."

ಬಾಲ ಕೆಳಗಾಯಿತು. ಅದರ ತುದಿಯಿಂದ ಗೇರಿನ ಎಣ್ಣೆ ಧಾರಾಳವಾಗಿ ಇಳಿದು ಅಮ್ಮನ ಕಾಲು ದಾಟಿ ಬಿಳಿ ಹೊದಿಕೆಯನ್ನು ಸೇರಿತು. ಮೊದಲೇ ಬಸಿಯಬೇಕಿತ್ತಂತೆ. ಗಡಿಯಾರಕ್ಕೆ ಒಂದು ತೊಟ್ಟು ಎಣ್ಣೆ ಸಾಕು. ಬಸಿಯುವ ಪ್ರಶ್ನೆ ಅಪ್ಪನ ಜೀವನದಲ್ಲಿ ಬಂದಿರಲಿಲ್ಲ. ಅಮ್ಮ ಬಾಲವನ್ನು ಬಿಡಲಿಲ್ಲ, ಹೊದಿಕೆಯನ್ನೇ ನೋಡುತ್ತಿದ್ದಳು. ಅಪ್ಪ ಸರಪಳಿಯನ್ನೇ ನೋಡುತ್ತಿದ್ದರು.

ಇಂಜಿನ್ ತೊಲೆಯಿಂದ ನೇತಾಡಿತು. ಅಪ್ಪ ಅದರ ಮುಚ್ಚಳ ತೆಗೆದು ಇಣುಕಿದರು, ತಿರುಗಿಸಿದರು, ಕಿವಿಗೊಟ್ಟರು. ಯಾವ ದೋಷವೂ ಸಿಗಲಿಲ್ಲ. ದೋಷ ಸಿಗದಿದ್ದರೆ ಏನು, ಸಡಿಲವಿದ್ದದ್ದನ್ನು ಬಿಗಿ ಮಾಡಿದರು, ಕೊಳೆಯಿದ್ದದ್ದನ್ನು ತೊಳೆದರು, ಸವೆದ ರಬ್ಬರುಗಳನ್ನು ಬದಲಿಸಿದರು. ಒಳಗೆ ಮಾತ್ರ ಹೆದರಿಕೆ ಇತ್ತು. ಊಟದಲ್ಲಿ ಉಪ್ಪಿಲ್ಲದ್ದೂ ಅವರಿಗೆ ತಿಳಿಯುತ್ತಿರಲಿಲ್ಲ.

ಕೂರಿಸುವಾಗ ಮತ್ತೆ ಮೂಗು ಮೇಲೆ, ಬಾಲ ಕೆಳಗೆ. ಎಲ್ಲ ಹೊಂದಿದರೂ ಕೊನೆಯ ಬೋಲ್ಟಿನ ತೂತು ಕೂದಲೆಳೆಯಷ್ಟು ಆಚೆಯೇ ಉಳಿಯಿತು. ಅಪ್ಪ ಮಸೂರ ಹಾಕಿಕೊಂಡು ಅಳೆಯುತ್ತಿದ್ದಾಗ ಅಮ್ಮ ಸೊಂಟದಿಂದ ಒಂದು ನೂಕು ಕೊಟ್ಟಳು. ಕೂತಿತು.

ಭಾನುವಾರ ಮಾಮ ಹಗ್ಗ ಸಮೇತ ಬಂದ. ಅಪ್ಪ ಒಗೆದ ಅಂಗಿ ಹಾಕಿಕೊಂಡು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಅಷ್ಟು ಮೆತ್ತಗೆ ಅದು ಯಾವತ್ತೂ ಓಡಿರಲಿಲ್ಲ. ಅಷ್ಟು ಮೆತ್ತಗಿದ್ದದ್ದಕ್ಕೇ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು:

ಟಕ್, ಟಕ್, ಟಕ್.

ಮಾಮ ಹಗ್ಗ ಬಿಚ್ಚತೊಡಗಿದ. ಅಪ್ಪ ಇಂಜಿನ್ ನಿಲ್ಲಿಸಿದರು. ಶಬ್ದ ನಿಲ್ಲಲಿಲ್ಲ. ಟಕ್, ಟಕ್, ಟಕ್.

ಅಮ್ಮ ಬಾಗಿಲು ತೆಗೆದು ತನ್ನ ಸೀಟಿನ ಕೆಳಗೆ ಕೈ ಹಾಕಿ ಒಂದು ಗಂಟು ಎಳೆದಳು. ಬಟ್ಟೆ ಬಿಚ್ಚಿದಾಗ ದುಂಡನೆಯ ಗೋಡೆ ಗಡಿಯಾರ. ಅದರ ಲೋಹದ ಬೆನ್ನು ಕಾರಿನ ತಗಡಿಗೆ ತಗುಲಿಕೊಂಡು ಇಷ್ಟು ದಿನ ಡೋಲು ಬಾರಿಸಿತ್ತು. ಇಂಜಿನ್ ನಿಂತಾಗ ಅದು ಮನೆಯವರ ಕಿವಿಗೆ ಬರೀ ಗಡಿಯಾರದ ಸದ್ದು, ಅಂದರೆ ನಿಶ್ಶಬ್ದ. ಮಾಮನಿಗೆ ತಲುಪಿಸಲು ಅಪ್ಪನೇ ಅಲ್ಲಿಟ್ಟದ್ದು.

ಮಾಮ ತನ್ನ ಕೈಗಡಿಯಾರ ನೋಡಿದ, ಅದನ್ನೂ ನೋಡಿದ. "ಟೈಮು ಸರಿಯಾಗಿದೆ," ಎಂದ. "ಆ ಚಕ್ರ ಯಾವಾಗ ಬಂತು, ಭಾವ?"

ಅಪ್ಪ ಸ್ಟೀರಿಂಗ್ ಹಿಡಿದೇ ಲೆಕ್ಕ ಹಾಕಿದರು. ಶಬ್ದ ಇಂಜಿನ್ನಿನದು ಎಂದರೆ ಕಾರು ಹೋಗುತ್ತದೆ. ಗಡಿಯಾರದ್ದು ಎಂದರೆ, ಗಡಿಯಾರದ ಸದ್ದೇ ತಿಳಿಯದ ಗಡಿಯಾರದವನು ಎಂದು ಮಾನ ಹೋಗುತ್ತದೆ. ಕೊನೆಗೆ ಇಳಿದು ಬಂದು ಕೀಲಿಯನ್ನು ಮಾಮನ ಮುಂದೆ ಹಿಡಿದರು.

"ಶಬ್ದ ಇಂಜಿನ್ನಿನದೇ. ಕಾರು ನಿನ್ನದು."

"ರೀ, ತಲೆ ನೆಟ್ಟಗಿದೆಯಾ?" ಎಂದಳು ಅಮ್ಮ.

"ಬೇಡ ಭಾವ," ಎಂದ ಮಾಮ. "ಇಷ್ಟು ಒಳ್ಳೇ ಇಂಜಿನ್ ಒಡೆಯೋಕೆ ನನಗೂ ಮನಸ್ಸು ಬರಲ್ಲ. ಗಡಿಯಾರ ಸಾಕು. ಅಂಗಡಿಗೆ ಬಂದೋರೆಲ್ಲ ಟೈಮು ನೋಡ್ತಾರೆ. ನೋಡಿದೋರಿಗೆಲ್ಲ ಕತೆ ಹೇಳ್ತೀನಿ."

"ಕಾರೂ ತಗೊಂಡು ಹೋಗಪ್ಪ," ಎಂದರು ಅಪ್ಪ. "ಕತೆ ಮಾತ್ರ ಬಿಟ್ಟು ಹೋಗು."

ಮಾಮ ಗಡಿಯಾರವನ್ನೂ ಕತೆಯನ್ನೂ ತೆಗೆದುಕೊಂಡು ಹೋದ. ಕಾರು ಉಳಿಯಿತು. ಈಗ ಕೈಗಡಿಯಾರ ತರುವವರೆಲ್ಲ ಮೊದಲು ಶೆಡ್ಡಿನ ಕಡೆ ಒಮ್ಮೆ ನೋಡಿ, ಆಮೇಲೆ ಅಪ್ಪನನ್ನು ನೋಡುತ್ತಾರೆ. ಅಪ್ಪ ಮಸೂರ ಹಾಕಿಕೊಂಡು ತಲೆ ತಗ್ಗಿಸಿಬಿಡುತ್ತಾರೆ.

ಇವತ್ತು ಲೋಟಗಳನ್ನು ಒಳಗೆ ತರಲು ಅಮ್ಮ ನನ್ನನ್ನು ಶೆಡ್ಡಿಗೆ ಕಳಿಸಿದ್ದಳು. ಎಲ್ಲವೂ ಖಾಲಿ, ಒಂದನ್ನು ಬಿಟ್ಟು. ಅದರ ಕೆಳಗೆ ಒಂದು ಬೋಲ್ಟು, ಚೆನ್ನಾಗಿ ಒರೆಸಿದ್ದು, ಹಾಗೇ ಇದೆ. ಅಪ್ಪ ಈಗ ಊಟಕ್ಕೆ ಕೂತಿದ್ದಾರೆ. ಊಟ ಮುಗಿದ ಮೇಲೆ ಹೇಳುತ್ತೇನೆ.