ತ್ರೀ ಫೇಸ್ ಬಂತು, ಕೂಡ್ರಿ

ಗುರುವಾರ. ಬರೆಯಲು ಕುಳಿತಾಗ ಬೆಳಿಗ್ಗೆ ಎಂಟೂ ಹತ್ತು. ಜನ ಹೆಸರಿಡುವ ಕೆಲಸವನ್ನು ಎಷ್ಟು ಗಂಭೀರವಾಗಿ ಮಾಡುತ್ತಾರೆಂದು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಕೂಸಿಗೆ ಹೆಸರಿಡಲು ತೊಟ್ಟಿಲು ಬೇಕು, ಸೋದರತ್ತೆ ಬೇಕು, ಆಕೆ ಕಿವಿಯಲ್ಲಿ ‘ಕುರ್ರ್’ ಎನ್ನಬೇಕು, ಆಕೆಯ ಬೆನ್ನಿಗೆ ಉಳಿದವರು ಗುದ್ದಬೇಕು. ನಾವಾದರೋ ನಮ್ಮ ತಂಡಕ್ಕೆ ಶಹಾಪುರದ ಸಾಬಣ್ಣನ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ, ಚಹಾ ಆರುವುದರೊಳಗೆ ಹೆಸರಿಟ್ಟುಬಿಟ್ಟೆವು. ಸಾಬಣ್ಣ, ಸುರಪುರದಲ್ಲಿ ಕಂಪ್ಯೂಟರ್ ಕಲಿಸುವ ರೇಣುಕಾ, ನಾನು, ಹೀಗೆ ಮೂವರು. ಎದುರಿಗೆ ಬಿಚ್ಚಿಟ್ಟ ಮೋಟಾರು. ‘ತ್ರೀ ಫೇಸ್’ ಎಂದೆ ನಾನು. ನನ್ನ ಜಾಣತನಕ್ಕೆ ನಾನೇ ಬೆರಗಾದ ಆ ದಿನವನ್ನು ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೆ. ಯಾರೂ ನನ್ನ ಬೆನ್ನಿಗೆ ಗುದ್ದಲಿಲ್ಲ. ಗುದ್ದಬೇಕಿತ್ತು.

ನಮ್ಮದು ಎಲೆಕ್ಟ್ರೋ-ಇಂಡಸ್ಟ್ರಿಯಲ್ ಸಂಗೀತ. ಯಂತ್ರಗಳ ಸದ್ದನ್ನು ಹಿಡಿದು ತಂದು, ಕಂಪ್ಯೂಟರಿನಲ್ಲಿ ಕೊಯ್ದು ಜೋಡಿಸಿ, ಮೇಲೆ ಎದೆ ನಡುಗುವ ಹಾಗೆ ತಾಳ ಬಡಿಯುವುದು. “ಶಹಾಪುರದಾಗ ಇಂಡಸ್ಟ್ರಿ ಎಲ್ಲದನೋ?” ಎಂದು ನಮ್ಮ ಕಾಕಾ ನಕ್ಕರು. ಏಕಿಲ್ಲ? ಕಾಲುವೆ ಬಂತು, ಹಿಂದೆಯೇ ಭತ್ತ ಬಂತು, ಅಕ್ಕಿ ಗಿರಣಿ ಬಂತು, ಕೊಯ್ಲಿನ ಯಂತ್ರ ಬಂತು, ಕಾಲುವೆ ನೀರು ತಲುಪದವರ ಪಂಪ್‌ಸೆಟ್ಟು ಬಂತು. ಇಷ್ಟು ಗದ್ದಲದ ನಡುವೆ ಕೊಳಲು ಊದುತ್ತ ಕೂಡಲು ನಾವು ತಯಾರಿರಲಿಲ್ಲ. ಮೊದಲ ಹಾಡನ್ನು ಅವ್ವನಿಗೆ ಕೇಳಿಸಿದೆ. ಆಕೆ ಮೂಗೇರಿಸಿ, “ಏನರ ಸುಟ್ಟ ವಾಸನಿ ಬರಾಕತ್ತದೇನ್ ನೋಡೋ” ಎಂದಳು. ಅದನ್ನು ‘ವಿಮರ್ಶೆ’ ಎಂಬ ತಲೆಬರಹದಡಿ ಬರೆದುಕೊಂಡೆ. ಇನ್ನು, ನಮ್ಮದು ಸ್ವತಂತ್ರ ತಂಡ. ಅಂದರೆ ಯಾವ ಕಂಪನಿಯೂ ನಮ್ಮನ್ನು ಕೇಳಿಲ್ಲ.

ಮೊದಲ ಕಾರ್ಯಕ್ರಮ ಶಹಾಪುರದಲ್ಲಿ. ಶುರುವಾದ ಕೂಡಲೇ ಮೈಕ್‌ಸೆಟ್ಟಿನವನು ಓಡಿಬಂದು ವೈರು ಕಿತ್ತ. “ಸೆಟ್ಟು ಗುಂಯ್ ಅನ್ನಾಕತ್ತದ್ರಿ, ನನ್ನ ಹೆಸರು ಕೆಡ್ತದ!” ಆ ಗುಂಯ್ ನಮ್ಮ ಪಲ್ಲವಿಯಾಗಿತ್ತು. ಎರಡನೆಯದು ವಡಗೇರಾದಲ್ಲಿ. ನಿರೂಪಕರು ಮೈಕು ಹಿಡಿದು, “ಈಗ ತ್ರೀ ಫೇಸ್ ಬರ್ತದ!” ಎಂದು ಸಾರಿದರು. ಪಂಪ್‌ಸೆಟ್ಟು ತಿರುಗುವುದು ತ್ರೀ ಫೇಸ್ ಕರೆಂಟಿಗೆ. ಅದು ಬರುವ ಹೊತ್ತನ್ನು ಯಾರೂ ಬಲ್ಲವರಿಲ್ಲ. ಸಭೆಗೆ ಸಭೆಯೇ ಎದ್ದು ನಿಂತಿತು. ನಮಗೆ ಗೌರವ ಸಲ್ಲುತ್ತಿದೆ ಎಂದುಕೊಂಡೆ. ಮುಂದಿನ ಸಾಲಿನ ಮುದುಕರೊಬ್ಬರು, “ಎಷ್ಟ್ ತಾಸ ಇರ್ತದ್ರಿ?” ಎಂದು ಕೇಳಿದರು. ಸಾಬಣ್ಣ ಹೆಮ್ಮೆಯಿಂದ, “ಒಂದ್ ತಾಸ್ರಿ” ಎಂದ.

“ಬರೇ ಒಂದ ತಾಸ? ಜಲ್ದಿ ಓಡ್ರೋ!”

ಉಳಿದದ್ದು ಕುರ್ಚಿಗಳು.

ಹಿಂದಿರುಗುವ ಬಸ್ಸಿನಲ್ಲಿ ರೇಣುಕಾ, “ಹೆಸರು ಬದಲ ಮಾಡ್ರಿ. ಇಲ್ಲಾಂದ್ರ ನಾ ಬಿಡ್ತೀನಿ” ಎಂದಳು. ಆಕೆ ಬಿಟ್ಟರೆ ತಂಡವೇ ಇಲ್ಲ. ಸದ್ದನ್ನು ಕೊಯ್ದು ಹಾಡು ಮಾಡುವವಳೇ ಆಕೆ. ಆದರೂ ನನಗೆ ರೋಷ ಬಂತು. ವಿದ್ಯುತ್ ಇಲಾಖೆ ಬೇಕಾದರೆ ತನ್ನ ಕರೆಂಟಿಗೆ ಬೇರೆ ಹೆಸರಿಟ್ಟುಕೊಳ್ಳಲಿ! ಸಾಬಣ್ಣನೂ ನನ್ನ ಪರವಾಗಿ ಕೈ ಎತ್ತಿದ. “ಆತು,” ಎಂದಳು ಆಕೆ, “ಮುಂದಿನ ಸಲ ಕಕ್ಕೇರಾದಾಗ ಒಂದು ಹಾಡರ ಮಂದಿ ಮುಂದ ಪೂರಾ ಆಗ್ಬೇಕು. ಆಗ್ಲಿಲ್ಲಂದ್ರ ನಂದು ಅದೇ ಕಡೀದು.”

ಕಕ್ಕೇರಾದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಮೈಕನ್ನು ನಾನೇ ಹಿಡಿದು, “ತ್ರೀ ಫೇಸ್ ಅಂದ್ರ ಕರೆಂಟಲ್ಲ, ನಾವು! ಮೋಟಾರಿನ ಸಪ್ಪಳ ಕೇಳಿದ್ರ ಏಳಬ್ಯಾಡ್ರಿ, ಅದು ನಮ್ಮ ಸ್ಪೀಕರ್ ಡಬ್ಬಿದು” ಎಂದೆ. ಮಂದಿ ಕೂತರು. ಹಾಡು ಅರ್ಧಕ್ಕೆ ಬಂದಾಗ ಸಾಬಣ್ಣನ ಮುಖ ಬಿಳಿಚಿತು. ನನ್ನ ಕಿವಿಗೆ ಬಾಗಿ, “ಲೇ, ಈ ಮೋಟಾರು ನಮ್ದಲ್ಲ. ಖರೇನೇ ಬಂದದ” ಎಂದ. ಪಕ್ಕದ ಹೊಲದಲ್ಲಿ ಆಟೋ ಸ್ಟಾರ್ಟರ್ ಹಚ್ಚಿದ್ದ ಯಾರದೋ ಪಂಪು, ಕರೆಂಟು ಬಂದದ್ದೇ ತಾನಾಗಿ ಶುರುವಾಗಿತ್ತು. ಸಭೆಯಲ್ಲಿ ಒಬ್ಬ ಅರ್ಧ ಎದ್ದ. ಹಿಂದಿನವನು ಅವನ ಅಂಗಿ ಜಗ್ಗಿ, “ಕೂಡೋ ಮಬ್ಬ, ಅದು ಇವರ ಡಬ್ಬಿದು!” ಎಂದ.

ನಿಲ್ಲಿಸಿ ಹೇಳಬಹುದಿತ್ತು. ರೇಣುಕಾ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದಳು. ನಾನು ವಾಲ್ಯೂಮ್ ಏರಿಸಿದೆ.

ಹಾಡು ಪೂರ್ತಿಯಾಯಿತು. ನಮ್ಮ ಚರಿತ್ರೆಯಲ್ಲಿ ಮೊದಲ ಬಾರಿಗೆ, ತುಂಬಿದ ಸಭೆಯ ಎದುರು! ಹಿಂದಿನಿಂದ ಯಾರೋ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅಷ್ಟರಲ್ಲಿ ಕರೆಂಟು ಹೋಯಿತು, ಪಕ್ಕದ ಪಂಪೂ ನಿಂತಿತು. ಹಾಡು ಮುಗಿದು ಡಬ್ಬಿ ಸುಮ್ಮನಾದ ಮೇಲೂ ಇಷ್ಟು ಹೊತ್ತು ಗುಂಯ್ ಎನ್ನುತ್ತಿದ್ದದ್ದು ಆ ಪಂಪು ಎಂದು ಸಭೆಗೆ ಆಗ ಹೊಳೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬ ಅಕ್ಕ ನೇರ ವೇದಿಕೆಗೇ ಬಂದಳು. “ಏ ತಮ್ಮಾ, ನಿನ್ನ ಮಾತು ಕೇಳಿ ನಮ್ಮ ಮನ್ಯಾವ ಕಲ್ಲು ಕುಂತಂಗ ಕುಂತ. ಮೆಣಸಿನಕಾಯಿ ಗಿಡಕ್ಕ ನೀರು ಯಾರು ಬಿಡ್ಬೇಕು, ನಿಮ್ಮ ಅಪ್ಪನೇನು?”

“ನಾವೇ ಬಿಡ್ತೀವಿ ಬಿಡಕ್ಕ” ಎಂದವಳು ರೇಣುಕಾ. ತಂಡ ಬಿಡುವ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ.

ಹಾಗಾಗಿ ಮರುದಿನ ಬೆಳಗಿನಿಂದ ನಾವು ಮೂವರೂ ಆ ಅಕ್ಕನ ಮೆಣಸಿನಕಾಯಿ ಹೊಲದ ಬದುವಿನಲ್ಲಿ ಕರೆಂಟು ಕಾಯುತ್ತ ಕೂತೆವು. ಬಿಸಿಲು ನೆತ್ತಿಗೇರಿದಾಗ ಗುಂಯ್ ಎಂದಿತು. ನಾನು ಚಪ್ಪಲಿ ಬಿಟ್ಟು, ಕೆಸರು ತುಳಿದು, ಸ್ಟಾರ್ಟರ್ ಡಬ್ಬಿಯವರೆಗೆ ಓಡಿ ಬಟನ್ ಒತ್ತಿದೆ. ಮೋಟಾರು ಮಿಸುಕಲಿಲ್ಲ. ಬದುವಿನ ಮೇಲೆ ರೇಣುಕಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಾಬಣ್ಣ ಮೊಬೈಲಿನಲ್ಲಿ ನಮ್ಮ ಹಾಡು ಹಚ್ಚಿದ್ದ.

ಹೆಸರು ಬದಲಾಗಿಲ್ಲ, ಆಗುವುದೂ ಇಲ್ಲ. ಆದರೆ ಡೈರಿಯಲ್ಲಿ ಒಂದು ಜಾಗ ಖಾಲಿ ಉಳಿದಿದೆ. ಕಕ್ಕೇರಾದಲ್ಲಿ ಚಪ್ಪಾಳೆ ತಟ್ಟಿದವರು ಯಾರು? ಹಾಡಿಗೆ ತಟ್ಟಿದರೋ, ಕರೆಂಟು ಬಂದಿದೆ ಎಂದು ಯಾರನ್ನಾದರೂ ಕರೆದರೋ? ಗೊತ್ತಿದ್ದವರು ದಯವಿಟ್ಟು ಒಂದು ಸಾಲು ಬರೆಯಿರಿ. ಎರಡನೆಯದೇ ನಿಜವಾಗಿದ್ದರೂ ಬರೆಯಿರಿ. ನಾನು ಮೊದಲನೆಯದನ್ನೇ ತುಂಬಿಕೊಳ್ಳುತ್ತೇನೆ.