ಪ್ರಾಗ್ ಸೇತುವೆಗೆ ನನ್ನ ಮೊಟ್ಟೆ ಸೇವೆ

ದುಬೈಯ ಕರಾಮ ಪೇಟೆಯಲ್ಲಿ ಚೌಕಾಸಿ ಮಾಡದೆ ಒಂದು ಸೂಜಿಯನ್ನೂ ಕೊಂಡವನಲ್ಲ ನಾನು. ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಸ್ವಂತ ಪರದೆ ಅಂಗಡಿ ಹಾಕಿದ್ದು ಸುಮ್ಮನೆಯೇ? ಹೊಸಬರಿಗೆ ನನ್ನ ಪುಕ್ಕಟೆ ಉಪದೇಶ ಒಂದೇ: ಮೊದಲ ಬೆಲೆ ಕೇಳಿದೊಡನೆ ನಕ್ಕುಬಿಡಿ. ಮಿಕ್ಕದ್ದು ತಾನಾಗಿ ಇಳಿಯುತ್ತದೆ!

ಇಂಥ ಮಹಾನುಭಾವನಿಗೆ ಮಗಳು ಅನ್ವಿತಾ ವಹಿಸಿದ ಕೆಲಸ ಮೊಟ್ಟೆ ತರುವುದು. ಬರೀ ಮೊಟ್ಟೆ!

ಅವಳ ಶಾಲೆಯಲ್ಲಿ ನದಿತೀರದ ನಗರಗಳ ಬಗ್ಗೆ ಕಾರ್ಯಕ್ರಮ. ಅವಳ ಪಾಲಿಗೆ ಯುರೋಪಿನ ಪ್ರಾಗ್ ಬಂದಿತ್ತು. ಹಿಂದಿನ ವರ್ಷ ವೇದಿಕೆ ಹತ್ತಿ, ಮಾತು ಮರೆತು, ಅಳುತ್ತ ಇಳಿದ ಹುಡುಗಿ. ಈ ಸಲವೂ ಎಡವಿದರೆ ಇನ್ನು ಮೈಕ್ ಮುಟ್ಟುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿದ್ದಳಂತೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇ ಮಾಡಿದ್ದು.

"ಪಪ್ಪಾ, ಅಲ್ಲಿ ಒಬ್ಬ ರಾಜ ನದಿಗೆ ಬ್ರಿಡ್ಜ್ ಕಟ್ಟಿಸಿದ. ಅದಕ್ಕೆ ಊರೂರಿಂದ ಮೊಟ್ಟೆ ತರಿಸಿದ. ಯಾಕೆ ಗೊತ್ತುಂಟಾ? ಮತ್ತೆ ಒಂದು ಊರಿನವರು ಎಂತ ಮಾಡಿದ್ರು ಅಂದ್ರೆ..."

"ಖಲಾಸ್! ಅರ್ಥ ಆಯ್ತು. ಮೊಟ್ಟೆ ತಾನೇ?"

ಯಾಕೆಂದು ನನಗೆ ಹೇಳಿಕೊಡಬೇಕೆ? ಕಟ್ಟಡ ಎಂದಮೇಲೆ ಕೆಲಸದವರು. ಕೆಲಸದವರು ಎಂದಮೇಲೆ ಊಟ. ಎಲ್ಲೆಲ್ಲೂ ಕಟ್ಟಡ ಏಳುವ ದುಬೈಯಲ್ಲಿ ಇರುವವನಿಗೆ ಅಷ್ಟೂ ತಿಳಿಯದೆ!

ಮರುದಿನ ಅವಳು ಶಾಲೆಗೆ ಹೋದಮೇಲೆ ನಮ್ಮ ಕಟ್ಟಡದ ಕೆಳಗಿನ ಹೋಟೆಲಿಗೆ ಇಳಿದೆ. ಮಾಲೀಕ ಶೇಖರಣ್ಣ ಊರಿನವರೇ. ಒಂದು ಟ್ರೇ ಮೊಟ್ಟೆಯ ಬೆಲೆ ಕೇಳಿ ನಿಯಮದಂತೆ ನಕ್ಕೆ.

"ನೀವು ಎಷ್ಟು ನಗಾಡಿದ್ರೂ ಕಮ್ಮಿ ಆಗುದಿಲ್ಲ ಮಾರಾಯ್ರೆ."

"ಹಾಗಾದ್ರೆ ಫ್ರೀಯಾಗಿ ಬೇಯಿಸಿ ಕೊಡಿ!"

ಹಿಂದೊಮ್ಮೆ ಕಾರಿನಲ್ಲಿ ಒಂದೇ ಒಂದು ಮೊಟ್ಟೆ ಒಡೆದು, ಇಲ್ಲಿನ ಬಿಸಿಲಿಗೆ ಇಡೀ ಬೇಸಿಗೆ ಮೂಗು ಮುಚ್ಚಿಕೊಂಡು ಓಡಾಡಿದ್ದೆವು. ಬೇಯಿಸಿದರೆ ಆ ಭಯವಿಲ್ಲ. ದೂರದೃಷ್ಟಿ ಎಂದರೆ ಇದು! ಜೊತೆಗೆ ಕರಿಮೆಣಸಿನ ಪುಡಿಯ ಪೊಟ್ಟಣಗಳನ್ನೂ ಕಿತ್ತುಕೊಂಡೆ.

ಕಾರ್ಯಕ್ರಮಕ್ಕೆ ಹೊರಟಾಗ ಹೆಂಡತಿ ಶೀಲಾ ಕಾರು ಹತ್ತುತ್ತಲೇ ಹಣೆ ಚಚ್ಚಿಕೊಂಡಳು. "ಬೇಯಿಸಿದ್ದಾ? ಆ ಮಗುವಿನ ಹತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?"

"ಸುಮ್ಮನಿರು. ಪ್ರಾಗಿನ ರಾಜನಿಗೂ ಇಂಥ ಡೀಲ್ ಸಿಕ್ಕಿರ್ಲಿಕ್ಕಿಲ್ಲ!"

ಮೊಟ್ಟೆಗಳನ್ನು ಟೀಚರ್ ಕೈಗೊಪ್ಪಿಸಿ ಮುಂದಿನ ಸಾಲಿನಲ್ಲಿ ಕುಳಿತೆವು. ಅನ್ವಿತಾ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಶುರುಮಾಡಿದಳು. ಹಳೆಯ ಸೇತುವೆ ನೆರೆಗೆ ಕೊಚ್ಚಿಹೋಯಿತು. ರಾಜ ಜ್ಯೋತಿಷಿಗಳಿಂದ ಮುಹೂರ್ತ ಇಡಿಸಿ ಹೊಸದಕ್ಕೆ ಅಡಿಗಲ್ಲು ಹಾಕಿದ. 'ನಮ್ಮ ಹಾಗೆಯೇ ಜನ!' ಎಂದು ತಲೆದೂಗಿದೆ.

"ಗಾರೆ ಕಲ್ಲಿನಷ್ಟು ಗಟ್ಟಿಯಾಗಲೆಂದು ಅದಕ್ಕೆ ಹಸಿ ಮೊಟ್ಟೆ ಬೆರೆಸಿದರಂತೆ. ಈಗ ನಾನೂ ಹಾಗೇ ಬೆರೆಸಿ ತೋರಿಸುತ್ತೇನೆ."

ಗಾರೆಗೆ! ಊಟಕ್ಕಲ್ಲ!

ಮಗಳು ಮೊಟ್ಟೆಯನ್ನು ಬೋಗುಣಿಯ ಅಂಚಿಗೆ ಕುಟ್ಟಿದಳು. ಟಕ್. ಏನೂ ಸುರಿಯಲಿಲ್ಲ. ಇನ್ನೊಂದು ಮೊಟ್ಟೆ. ಟಕ್. ಸಿಪ್ಪೆ ಉದುರಿ ದುಂಡನೆಯ ಬಿಳಿ ಮೊಟ್ಟೆ ಸಭೆಗೆ ದರ್ಶನ ಕೊಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ತುಟಿ ನಡುಗಿತು, ಥೇಟ್ ಹಿಂದಿನ ವರ್ಷದ ಹಾಗೆ. ಕಣ್ಣು ನನ್ನನ್ನು ಹುಡುಕಿತು. ಏನು ಮಾಡಲೂ ತೋಚದೆ ಕೈ ಎತ್ತಿದೆ. ಕೈಯಲ್ಲಿ ಮೆಣಸಿನ ಪೊಟ್ಟಣ!

ಅದನ್ನು ಕಂಡದ್ದೇ ಅವಳ ನಡುಗುತ್ತಿದ್ದ ತುಟಿ ನಗುವಿಗೆ ತಿರುಗಿತು. ಮೈಕನ್ನು ಹತ್ತಿರ ಎಳೆದುಕೊಂಡಳು.

"ಈ ಕತೆಗೆ ಒಂದು ಬಾಲ ಇದೆ. ಒಂದು ಊರಿನವರು, ದಾರಿಯಲ್ಲಿ ಒಡೆಯಬಾರದೆಂದು ಮೊಟ್ಟೆಗಳನ್ನು ಬೇಯಿಸಿ ಕಳಿಸಿದರಂತೆ! ಇವತ್ತಿಗೂ ಅವರನ್ನು ಹೇಳಿಕೊಂಡು ನಗುತ್ತಾರೆ. ಆ ಊರಿನ ಪ್ರತಿನಿಧಿ ಇಲ್ಲೇ ಇದ್ದಾರೆ. ಪಪ್ಪಾ, ದಯವಿಟ್ಟು ಎದ್ದು ನಿಲ್ಲಿ."

ನಿಂತೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲುವವರೆಗೆ ಕಾದು, ಮಗಳು ಉಳಿದ ಭಾಷಣವನ್ನು ಒಂದಕ್ಷರ ತಡವರಿಸದೆ ಮುಗಿಸಿದಳು. ಶೀಲಾ ಕಣ್ಣೊರೆಸಿಕೊಂಡಳು. ನಕ್ಕದ್ದಕ್ಕೋ, ಅತ್ತದ್ದಕ್ಕೋ ಕೇಳುವ ಧೈರ್ಯ ನನಗಿರಲಿಲ್ಲ.

ಕಾರಿನಲ್ಲಿ ಕೇಳಿದೆ: "ಬೇಯಿಸಿದ ಮೊಟ್ಟೆಗಳನ್ನು ಆ ರಾಜ ಎಂತ ಮಾಡಿದ?"

"ಕೆಲಸದವರು ತಿಂದಿರ್ಬೇಕು ಪಪ್ಪಾ."

"ನೋಡಿದ್ಯಾ! ನಾನು ಮೊದಲೇ ಎಣಿಸಿದ್ದೂ ಅದನ್ನೇ, ಕೆಲಸದವರ ಊಟ!"

ಮರುದಿನ ಅಂಗಡಿಯಲ್ಲಿ ಬುತ್ತಿ ಬಿಚ್ಚಿದೆ. ಅನ್ನವಿಲ್ಲ, ಸಾರಿಲ್ಲ. ಬರೀ ಮೊಟ್ಟೆ. ಫೋನ್ ಮಾಡಿದರೆ ಶೀಲಾ ಹೇಳಿದಳು: "ಕೆಲಸದವರ ಊಟ ಅಲ್ವಾ? ಟ್ರೇ ಖಾಲಿ ಆಗುವವರೆಗೆ ಅದೇ. ಮೆಣಸು ಫ್ರೀ!"